ಒಂದೂವರೆ ಇಂಚು

ನಮ್ಮೂರಲ್ಲಿ ಕಲ್ಲು ಬೆಳೆಯುತ್ತದೆ. ಬಳ್ಳಿಯ ಹಾಗೆ ಕಣ್ಣಿಗೆ ಕಾಣುವಂತೆ ಅಲ್ಲ. ಮಕ್ಕಳು ಬೆಳೆದ ಹಾಗೆ, ದಿನಾ ನೋಡುವವರಿಗೆ ಗೊತ್ತಾಗದೆ. ನಮ್ಮಮ್ಮ ಮದುವೆಯಾಗಿ ಬಂದಾಗ ಮೊಣಕಾಲೆತ್ತರ ಇದ್ದ ಒರಳಿಗೆ ನಾನು ಹುಟ್ಟುವ ಹೊತ್ತಿಗೆ ಅಡುಗೆಮನೆಯ ಗೋಡೆ ಕೆಡವಿ ಜಾಗ ಮಾಡಿಕೊಟ್ಟಿದ್ದರು. ಹೊಸ್ತಿಲ ಕಲ್ಲು ಎದೆಮಟ್ಟ ಬಂದರೆ ಮನೆಯವರು ಕಿಟಕಿಯನ್ನೇ ಬಾಗಿಲು ಮಾಡಿಕೊಳ್ಳುತ್ತಾರೆ. ಹೆಣ್ಣು ಕೊಡುವವರು ಹುಡುಗನ ಮನೆಯೊಳಗೆ ಎಷ್ಟು ಕಲ್ಲಿವೆ ಎಂದು ಎಣಿಸಿ ನೋಡಿಯೇ ಮಾತು ಮುಂದುವರಿಸುವುದು. ಇದಕ್ಕಾಗಿ ಬೇಸರಪಟ್ಟುಕೊಂಡವರನ್ನು ನಾನು ಕಂಡಿಲ್ಲ. ಕಟ್ಟಳೆ ಇರುವುದು ಒಂದೇ: ಕಲ್ಲಿಗೆ ಏಟು ಹಾಕಬಾರದು. ಒಡೆದರೆ ಒಂದಿದ್ದ ಕಡೆ ಎರಡು ಏಳುತ್ತವೆ, ಮೊದಲಿನದಕ್ಕಿಂತ ಬಿರುಸಾಗಿ. ಏಟು ಹಾಕಿದವನ ಮಾತಿಗೆ ಊರಿನಲ್ಲಿ ಯಾರೂ ಓಗೊಡುವುದಿಲ್ಲ, ಅವನ ಸಾಮಾನು ಯಾರೂ ಮುಟ್ಟುವುದಿಲ್ಲ.

ನನ್ನ ಹೆಸರು ಪಾಲಯ್ಯ. ಮೊದಲು ಬಸ್ಸು ನಿಲ್ಲುತ್ತಿದ್ದ ಜಾಗದ ಪಕ್ಕದಲ್ಲಿ ನನ್ನ ಗ್ಯಾರೇಜು. ಊರಿಂದ ಡಾಂಬರು ರಸ್ತೆಗೆ ಐದು ಮೈಲಿ. ಆ ದಾರಿಯ ಕಲ್ಲು ಏಳುತ್ತಾ ಹೋದಂತೆ ಮೊದಲು ಬಸ್ಸು ನಿಂತಿತು, ಆಮೇಲೆ ಕಾರು, ಆಮೇಲೆ ಆಟೋ. ಗಟ್ಟಿ ಆಳುಗಳು ಮೋಟರ್ ಸೈಕಲ್ಲಿನಲ್ಲಿ ಕಲ್ಲಿನ ಸಂದಿಯಲ್ಲಿ ನುಸುಳಿಕೊಂಡು ಹೋಗುತ್ತಿದ್ದರು. ಬಸುರಿಗೆ, ಬಾಣಂತಿಗೆ, ಮೈಯಲ್ಲಿ ಕಸುವಿಲ್ಲದವರಿಗೆ ಉಳಿದದ್ದು ಬುಡೇನ್ ಸಾಬನ ಚಿಕ್ಕ ಜೀಪು ಒಂದೇ. ಬುಡೇನಣ್ಣ ನನಗಿಂತ ಹತ್ತು ವರ್ಷ ದೊಡ್ಡವನು. ಹೆಂಡತಿ ತೀರಿಕೊಂಡ ಮೇಲೆ ಆ ಜೀಪೇ ಅವನ ಸಂಸಾರ. ದಿನಾ ಬೆಳಿಗ್ಗೆ ಅದಕ್ಕೆ ನೀರು ಹಾಕಿ ಒರೆಸಿ, ಆಮೇಲೆ ತಾನು ಮುಖ ತೊಳೆಯುತ್ತಿದ್ದ.

ನನ್ನ ಹೆಂಡತಿ ಸೂರಮ್ಮನಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮಂಗಳವಾರ, ಶುಕ್ರವಾರ ಆಚೆ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನಾಲ್ಕು ಗಂಟೆ ಮೆಷಿನ್ನಿಗೆ ಹಾಕಿಸಿ, ರಕ್ತ ತೊಳೆಸಿಕೊಂಡು ಬರಬೇಕು. ಅಲ್ಲೇ ಒಂದು ರೂಮು ಮಾಡೋಣವೆಂದು ನಾನು ಎಷ್ಟೋ ಸಲ ಹೇಳಿದೆ. ಅವಳು ಕೇಳಲಿಲ್ಲ. “ಅಲ್ಲಿ ಹೋಗಿ ಕುಂತ್ರೆ ನಾನು ರೋಗಿ ಆಗ್ತೀನಿ. ಇಲ್ಲಾದ್ರೆ ಸೂರಮ್ಮ ಆಗಿರ್ತೀನಿ,” ಅಂದಳು. ಅವಳು ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳುವವಳಲ್ಲ.

ದಾರಿಯ ನಡುವೆ ಒಂದು ಕಣಿವೆ. ಎರಡೂ ಕಡೆ ಬಂಡೆಯ ಗೋಡೆ, ನಡುವೆ ಒಂದು ಗಾಡಿ ಹೋಗುವಷ್ಟು ಜಾಗ, ಆ ಜಾಗದ ಸರಿ ಮಧ್ಯದಲ್ಲಿ ಅತ್ತೆಕಲ್ಲು. ಯಾವ ಸೊಸೆ ಹೆಸರಿಟ್ಟಳೋ, ಹೋಗುವವರನ್ನೂ ಬರುವವರನ್ನೂ ತಡೆಯುತ್ತದೆ ಎಂದು ಆ ಹೆಸರು. ಪಕ್ಕಕ್ಕೆ ತಿರುಗಿಸಲು ಜಾಗವಿಲ್ಲ. ಕಲ್ಲನ್ನು ಎರಡು ಗಾಲಿಗಳ ನಡುವೆ ಇಟ್ಟುಕೊಂಡು ಮೇಲೇ ದಾಟಿಸಬೇಕು. ಆಷಾಢದ ಒಂದು ಶುಕ್ರವಾರ ಆಸ್ಪತ್ರೆಯಿಂದ ಬರುವಾಗ ಜೀಪಿನ ಅಡಿಯಲ್ಲಿ ಕರ್ ಎಂದು ಸದ್ದಾಯಿತು. ಬುಡೇನಣ್ಣ ದಾಟಿಸಿ ನಿಲ್ಲಿಸಿದ. ಇಬ್ಬರೂ ಕೆಳಗೆ ತೂರಿ ನೋಡಿದೆವು. ಹಿಂದಿನ ಗಾಲಿಗಳನ್ನು ಸೇರಿಸುವ ಆಕ್ಸಲಿನ ನಡುವೆ ದಪ್ಪ ಗುಂಡಿನಂತೆ ಇರುತ್ತದಲ್ಲ, ನಾವು ಕ್ರೌನ್ ಅನ್ನುವುದು, ಗಾಡಿಯ ಹೊಟ್ಟೆಯಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಅದೇ. ಅದರ ಮೇಲೆ ಬೆಳ್ಳಗೆ ಗೀರು ಬಿದ್ದಿತ್ತು.

“ದೊಡ್ಡ ಟೈರು ಹಾಕಿದ್ರೆ?” ಎಂದ ಬುಡೇನಣ್ಣ.

“ಮಡ್‌ಗಾರ್ಡಿಗೆ ತಗಲ್ತೈತೆ. ತಿರುಗಿಸಿದ ಕಡೆಯೆಲ್ಲ ಟೈರು ಕೊಯ್ಕೊಂಡು ಹೋಗ್ತೈತೆ.”

“ಮಡ್‌ಗಾರ್ಡೇ ಕತ್ತರಿಸಿಬಿಡು.”

“ಕತ್ತರಿಸಿದ್ರೂ ಸಾಲ್ದು ಬುಡೇನಣ್ಣ. ಬಾಡೀನೇ ಮ್ಯಾಲೆ ಎತ್ತಬೇಕು. ಅಡೀಲಿರೋ ಕಬ್ಬಿಣದ ಚೌಕಟ್ಟು, ಚಾಸಿ, ಇದ್ದಲ್ಲೇ ಇರ್ತೈತೆ, ಬಾಡಿ ಬ್ಯಾರೆ ಮಾಡಿ ನಡುವೆ ಏನಾರ ಇಟ್ಟು ಎತ್ತರ ಮಾಡಬೇಕು.”

ಅವನು ಜೀಪಿನ ಬಾಗಿಲ ಮೇಲೆ ಕೈಯಾಡಿಸಿದ. “ಮಾಡು,” ಅಂದ. “ನನ್ನನ್ನೇನು ಕೇಳ್ತೀಯ. ಸೂರಮ್ಮ ತಂಗಿ ಹೋಗಬೇಕಲ್ಲ.”

ಶನಿವಾರ ಬೆಳಿಗ್ಗೆ ಕೆಲಸ ಹಿಡಿದೆವು. ಮಂಗಳವಾರದೊಳಗೆ ಮುಗಿಯಲೇಬೇಕಿತ್ತು. ಬಾಡಿಯನ್ನು ಚಾಸಿಗೆ ಕಚ್ಚಿ ಹಿಡಿದಿದ್ದು ಎಂಟು ಬೋಲ್ಟು. ಮೂವತ್ತು ವರ್ಷದ ತುಕ್ಕು. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಕಾಯಿಸಿ, ಆರು ಬಿಚ್ಚಿದೆ. ಎರಡು ತಲೆ ಮುರಿದವು, ಅವನ್ನು ಡ್ರಿಲ್ ಹಾಕಿ ತೆಗೆದೆ. ನಡುವೆ ಇಡಲು ಏನು ಹಾಕುವುದು ಎಂಬುದೇ ದೊಡ್ಡ ಯೋಚನೆಯಾಯಿತು. ಕಬ್ಬಿಣವಾದರೆ ಕುಲುಕಾಟಕ್ಕೆ ಬಾಡಿ ಬಿರಿಯುತ್ತದೆ, ರಬ್ಬರಾದರೆ ಜಗ್ಗುತ್ತದೆ. ಕೊನೆಗೆ ನಮ್ಮಪ್ಪನ ಎತ್ತಿನಗಾಡಿಯ ಮುರಿದ ಗಾಲಿಗಳು ಹಿತ್ತಲಲ್ಲಿ ಬಿದ್ದಿದ್ದು ನೆನಪಾಯಿತು. ಗಾಲಿಯ ನಡುವಿನ ಗುಂಬ ಜಾಲಿ ಮರದ್ದು, ಕಬ್ಬಿಣಕ್ಕೆ ಸಮ. ಅದನ್ನು ನಾಲ್ಕು ನಾಲ್ಕು ಇಂಚಿನ ಎಂಟು ಬಿಲ್ಲೆ ಕೊಯ್ದು, ನಡುವೆ ತೂತು ಕೊರೆದು, ತೂತಿಗೆ ಪೈಪಿನ ತುಂಡು ಹೊಡೆದು, ಸುಟ್ಟ ಎಣ್ಣೆಯಲ್ಲಿ ಅದ್ದಿಟ್ಟೆ. ಮುಚ್ಚಿಹೋದ ಎಣ್ಣೆ ಮಿಲ್ಲಿನ ಸರಳು ತಂದು ಉದ್ದದ ಬೋಲ್ಟು ಮಾಡಿ ಥ್ರೆಡ್ ಹಾಕಿದೆ. ಆಮೇಲೆ ಒಂದು ಕಡೆಗೆ ಜಾಕು ಕೊಟ್ಟು ಬಾಡಿಯನ್ನು ಅಂಗುಲ ಅಂಗುಲವಾಗಿ ಎತ್ತಿ, ಬಿಲ್ಲೆ ತೂರಿಸಿ, ಇನ್ನೊಂದು ಕಡೆಗೆ ಹೋದೆ. ಬುಡೇನಣ್ಣ ನನ್ನ ಜೊತೆಯೇ ಇದ್ದ. ಜಾಕಿನ ಹಿಡಿ ತಿರುಗಿಸುವಾಗಲೆಲ್ಲ ಅವನ ಬಾಯಿ ಏನೋ ಗುನುಗುತ್ತಿತ್ತು. ಪ್ರಾರ್ಥನೆಯೋ ಬೈಗುಳವೋ, ನಾನು ಕೇಳಲಿಲ್ಲ.

ಬಾಡಿ ಏರಿದ ಮೇಲೆ ಉಳಿದದ್ದೆಲ್ಲ ಗಿಡ್ಡವಾಯಿತು. ಬ್ರೇಕಿನ ಪೈಪು ಸಾಲದು, ಡೀಸೆಲ್ ಕೊಳವೆ ಸಾಲದು, ವೈರು ಸಾಲದು, ಗೇರಿನ ಕೋಲು ಒಳಗೆ ಹುದುಗಿ ಕೈಗೆ ಸಿಗದು. ಸ್ಟೇರಿಂಗಿನ ರಾಡು ಕತ್ತರಿಸಿ ನಡುವೆ ತುಂಡು ಸೇರಿಸಿ ವೆಲ್ಡ್ ಮಾಡಬೇಕಾಯಿತು. ಆ ಬೆಸುಗೆ ಬಿಟ್ಟರೆ ಅವಳೂ ಇಲ್ಲ, ನಾವೂ ಇಲ್ಲ. ಮೂರು ಸಲ ಬೆಸೆದೆ, ಸಮ್ಮಟಿಗೆಯಿಂದ ಹೊಡೆದು ನೋಡಿದೆ, ತೃಪ್ತಿಯಾಗದೆ ಮೇಲೊಂದು ತೋಳು ಹಾಕಿ ಬೆಸೆದೆ. ಟ್ರ್ಯಾಕ್ಟರಿನ ಮುಂಗಾಲಿಯ ಹಳೆ ಟೈರು ನಾಲ್ಕು ಹೊಂದಿಸಿದೆ. ಜೀಪಿನ ರಿಮ್ಮಿಗೆ ಸರಿಯಾಗಿ ಕೂತವು. ಸೋಮವಾರ ಸಂಜೆ ಜೀಪು ಅಂಗಳದಲ್ಲಿ ಕಾಲು ಚಾಚಿದ ಒಂಟೆಯ ಹಾಗೆ ನಿಂತಿತು.

ನಾನು ಅಳತೆಪಟ್ಟಿ ಹಿಡಿದು ಕೆಳಗೆ ತೂರಿದೆ. ಮಾಡುವ ಮೊದಲೇ ಗೊತ್ತಿದ್ದ ವಿಷಯ, ಆದರೂ ಇನ್ನೊಂದು ಸಲ ಅಳೆದೆ. ಬಾಡಿ ಎತ್ತಿದರೆ ಆಕ್ಸಲ್ ಏರುವುದಿಲ್ಲ. ಅದನ್ನು ಏರಿಸುವುದು ಟೈರು ಮಾತ್ರ, ಅದೂ ಟೈರು ಹೆಚ್ಚಿದ್ದರಲ್ಲಿ ಅರ್ಧ. ಮೂರು ದಿನ ಮೈ ಮುರಿದು ಜೀಪನ್ನು ಆಳೆತ್ತರ ಮಾಡಿದ್ದರಿಂದ ಕ್ರೌನಿನ ಕೆಳಗೆ ನಮಗೆ ಸಿಕ್ಕ ಜಾಗ ಒಂದೂವರೆ ಇಂಚು.

ಅತ್ತೆಕಲ್ಲು ವಾರಕ್ಕೆ ಒಂದು ನೂಲು ಏರುತ್ತಿತ್ತು. ಎಂಟು ನೂಲಿಗೆ ಒಂದು ಇಂಚು. ಮನೆಗೆ ಹೋಗಿ ಸೂರಮ್ಮನಿಗೆ ಲೆಕ್ಕ ಹೇಳಿದೆ, ಮುಚ್ಚಿಡಲಾಗಲಿಲ್ಲ. ಅವಳು ಅಕ್ಕಿ ಆರಿಸುತ್ತಿದ್ದಳು.

“ಹನ್ನೆರಡು ವಾರ,” ಅಂದಳು. “ಮಾರ್ನಮಿ ದಾಟ್ತೀನಿ ಅನ್ನು.”

“ಅಷ್ಟೊತ್ತಿಗೆ ಇನ್ನೇನಾರ ಮಾಡ್ತೀನಿ.”

“ನೀನು ಮಾಡ್ತೀಯ,” ಎಂದು ಮೊರವನ್ನು ಪಕ್ಕಕ್ಕಿಟ್ಟಳು. ಅದು ನಂಬಿಕೆಯೋ ಸಮಾಧಾನವೋ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮಂಗಳವಾರ ಅವಳನ್ನು ಹತ್ತಿಸಲು ಸ್ಟೂಲು ಬೇಕಾಯಿತು. ಮೇಲೆ ಕೂತು, ಸೆರಗು ಸರಿಮಾಡಿಕೊಂಡು, “ಮದ್ವೇಲೂ ನನ್ನ ಇಷ್ಟೆತ್ತರ ಕುಂಡ್ರಿಸಿರಲಿಲ್ಲ,” ಎಂದು ನಕ್ಕಳು. ಬುಡೇನಣ್ಣನೂ ನಕ್ಕ. ಅತ್ತೆಕಲ್ಲಿನ ಮೇಲೆ ಜೀಪು ಸದ್ದಿಲ್ಲದೆ ದಾಟಿತು. ಆಮೇಲಿನ ಏಳೆಂಟು ವಾರ ಊರಿನವರೆಲ್ಲ ಆ ಜೀಪಿನಲ್ಲಿ ಓಡಾಡಿದರು. ಊರಿನ ಯಜಮಾನ ಬೋರಣ್ಣ ತನ್ನ ಬಸುರಿ ಮಗಳು ಮಾರಕ್ಕನನ್ನು ತಿಂಗಳಿಗೊಮ್ಮೆ ಅದರಲ್ಲೇ ಡಾಕ್ಟರ ಹತ್ತಿರ ಕಳಿಸುತ್ತಿದ್ದ. ಒಂದು ದಿನ ಅವನೇ ಬಂದು ಜೀಪಿಗೆ ಹಾರ ಹಾಕಿ, ಕಾಯಿ ಒಡೆದು, “ನಿನ್ನ ಕೈಗೆ ನೂರು ವರ್ಷ ಆಯಸ್ಸು ಬರ್ಲಿ ಪಾಲಯ್ಯ,” ಅಂದ.

ಭಾದ್ರಪದದಲ್ಲಿ ಮಳೆ ಹಿಡಿಯಿತು. ಮಳೆಗೆ ಕಲ್ಲು ಬೇಗ ಏಳುತ್ತದೆ. ವಾರಕ್ಕೆ ಒಂದು ನೂಲಿದ್ದದ್ದು ಎರಡಾಯಿತು, ಒಂದು ವಾರ ಮೂರು. ಎಂಟನೇ ವಾರದ ಮಂಗಳವಾರ ಹಳ್ಳ ಬಂದು ಹೋಗಲಾಗಲಿಲ್ಲ. ಶುಕ್ರವಾರದ ಹೊತ್ತಿಗೆ ಸೂರಮ್ಮನ ಮುಖ ಊದಿ ಕಣ್ಣು ಸಣ್ಣಗಾಗಿದ್ದವು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಬೆಳಿಗ್ಗೆ ಹೊರಡುವಾಗ ಗ್ಯಾರೇಜಿನಿಂದ ಸಮ್ಮಟಿಗೆ ತಂದು ಸೀಟಿನ ಕೆಳಗೆ ಇಟ್ಟೆ. ಯಾಕೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಕಣಿವೆಯಲ್ಲಿ ಮುಂದಿನ ಗಾಲಿ ದಾಟಿದವು. ಹಿಂದಿನ ಕ್ರೌನ್ ಅತ್ತೆಕಲ್ಲಿನ ನೆತ್ತಿಯ ಮೇಲೆ ಹತ್ತಿ ಕೂತುಬಿಟ್ಟಿತು. ಹಿಂದಿನ ಗಾಲಿಗಳು ಹಗುರಾಗಿ ಸುಮ್ಮನೆ ತಿರುಗಿದವು. ಬುಡೇನಣ್ಣ ಹಿಂದೆ ತೆಗೆದ, ಮುಂದೆ ಒತ್ತಿದ, ಜಾಕು ಕೊಡಲು ನೋಡಿದ. ಕೆಸರಿನಲ್ಲಿ ಜಾಕು ಇಳಿಯಿತು. ಹಿಂದಿನ ಸೀಟಿನಲ್ಲಿ ಸೂರಮ್ಮನ ಉಸಿರು ಕುಲುಮೆಯ ತಿದಿಯ ಸದ್ದಿನಂತೆ ಕೇಳುತ್ತಿತ್ತು. ನಾನು ಸಮ್ಮಟಿಗೆ ಎಳೆದುಕೊಂಡೆ.

“ಬ್ಯಾಡ,” ಅಂದಳು ಸೂರಮ್ಮ. ಉಸಿರೆಳೆದುಕೊಂಡು ಇನ್ನೊಂದು ಸಲ ಅಂದಳು, “ಬ್ಯಾಡ ಕಣೋ.” ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅವಳು ಒಂದೇ ಮಾತನ್ನು ಎರಡು ಸಲ ಹೇಳಿದ್ದು ಅದೊಂದೇ ದಿನ.

ಬುಡೇನಣ್ಣ ನನ್ನ ಕೈ ನೋಡಿದ, ಅವಳ ಮುಖ ನೋಡಿದ. ಆಮೇಲೆ ಜೀಪಿನಿಂದ ದೂರ ನಡೆದು, ಬಂಡೆಗೆ ಮುಖಮಾಡಿ ನಿಂತ.

ನಾನು ಜೀಪಿನ ಅಡಿಗೆ ಅಡ್ಡ ಮಲಗಿ ಹೊಡೆದೆ. ಕಲ್ಲು ಗಟ್ಟಿಯಿರುತ್ತದೆ ಎಂದುಕೊಂಡಿದ್ದೆ. ನಾಲ್ಕೇ ಏಟಿಗೆ ಬೆಲ್ಲದ ಅಚ್ಚಿನಂತೆ ಬಿರಿದು ಎರಡು ಹೋಳಾಯಿತು. ಒಳಗೆ ಹಸಿಯಾಗಿತ್ತು. ಚೂರುಗಳನ್ನು ಬಂಡೆಯ ಬುಡಕ್ಕೆ ಎಸೆದೆ, ಜೀಪು ಇಳಿದು ಮುಂದೆ ಹೋಯಿತು. ಆಸ್ಪತ್ರೆಯಲ್ಲಿ ಮೆಷಿನ್ನು ತಿರುಗಿತು, ಅವಳ ಮುಖದ ಊತ ಇಳಿಯಿತು, ಉಸಿರು ಸರಿಯಾಯಿತು. ಅವತ್ತು ಅವಳು ಬದುಕಿದ್ದು ನಿಜ. ಅದನ್ನು ನಾನು ಯಾರ ಮುಂದೆಯೂ ಅಲ್ಲಗಳೆಯುವುದಿಲ್ಲ.

ಸಂಜೆ ವಾಪಸು ಬರುವಾಗ ಅತ್ತೆಕಲ್ಲು ಇದ್ದ ಜಾಗದಲ್ಲಿ ಎರಡು ಗುಬುಟು, ಮಕ್ಕಳ ಹಲ್ಲು ಒಸಡಿನಿಂದ ಇಣುಕಿದ ಹಾಗೆ. ಮೂವರೂ ನೋಡಿದೆವು. ಬುಡೇನಣ್ಣ ಅವುಗಳ ಮೇಲೆ ಜೀಪು ದಾಟಿಸಿದ. ಮುಂದಿನ ಮಂಗಳವಾರದ ಹೊತ್ತಿಗೆ ಅವು ತೊಡೆಮಟ್ಟ ಎದ್ದು, ಗೋಡೆಯಿಂದ ಗೋಡೆಗೆ ದಾರಿ ಮುಚ್ಚಿದ್ದವು. ಜೀಪು ಹಿಂದಕ್ಕೆ ಬಂತು. ಬೋರಣ್ಣ ನಾಲ್ಕು ಆಳು ಕರೆದುಕೊಂಡು ನೋಡಲು ಹೋದ. ಬಂಡೆಯ ಬುಡದಲ್ಲಿ ಚೂರು ಕಂಡವು.

ಅವತ್ತೇ ಮಧ್ಯಾಹ್ನ ಹಳೆ ಬಸ್ ನಿಲ್ದಾಣದ ತಗಡಿನ ಕೆಳಗೆ ಊರು ಸೇರಿತು. ಮಾರಕ್ಕ ಏಳು ತಿಂಗಳ ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಬೋರಣ್ಣ ಕೂಗಾಡಲಿಲ್ಲ.

“ಯಾರು ಏಟು ಹಾಕಿದ್ದು?” ಎಂದು ಕೇಳಿದ. “ನೋಡಪ್ಪಾ, ಹೇಳಿದ್ರೆ ಕಲ್ಲೇನು ಇಳಿಯಲ್ಲ. ಆದ್ರೂ ಹೇಳ್ರಿ.”

ನಾನು ಬಾಯಿ ತೆರೆದೆ. ತೆರೆದಿದ್ದೆ ಎಂದೇ ನೆನಪು. ಮಾತು ಬರುವ ಮೊದಲೇ ಬುಡೇನಣ್ಣ ಎದ್ದು ನಿಂತ.

“ನಾನು,” ಅಂದ. “ಗಾಡಿ ನಂದು. ಸಿಕ್ಕಾಕ್ಕಂಡಿತ್ತು. ಏಟು ಹಾಕ್ದೆ.”

“ಪಾಲಯ್ಯ ಇರಲಿಲ್ವಾ?”

“ಅವನು ಹೆಂಡ್ತಿ ನೋಡ್ಕಂತಿದ್ದ. ಅವನಿಗೆ ಏನು ಕಣ್ಣಿತ್ತು ಆವಾಗ.”

ಜನ ಒಬ್ಬೊಬ್ಬರಾಗಿ ಅವನ ಕಡೆಯಿಂದ ಮುಖ ತಿರುಗಿಸಿದರು. ಅದು ನಮ್ಮೂರ ಶಿಕ್ಷೆ. ಬೈಗುಳವಿಲ್ಲ, ಹೊಡೆತವಿಲ್ಲ. ಎಲ್ಲರೂ ಎದ್ದು ಹೋದ ಮೇಲೂ ಅವನು ನಿಂತ ಜಾಗದಲ್ಲೇ ನಿಂತಿದ್ದ. ನಾನು ಗ್ಯಾರೇಜಿನ ಹಿಂದಿನಿಂದ ಬಳಸಿಕೊಂಡು ಹೋಗಿ ಹಿತ್ತಲಲ್ಲಿ ಅವನನ್ನು ಕಂಡೆ.

“ಯಾಕಂಗಂದೆ ಬುಡೇನಣ್ಣ? ನಾನೇ ಹೋಗಿ ಹೇಳ್ತೀನಿ.”

“ಹೇಳ್ತೀಯ,” ಅಂದ ಅವನು. “ಹೇಳಿದ್ರೆ ಶುಕ್ರವಾರ ತಂಗೀನ ಹೊರೋರು ಯಾರು? ನೀನೊಬ್ಬ ಮಂಚ ಹೊತ್ಕಂಡು ಹೋಗ್ತೀಯಾ? ನಂಗೇನು, ಊರೋರ ಕೈಲಿ ಹೊರಿಸ್ಬೇಕಾದೋರು ಯಾರದಾರೆ ಮನೇಲಿ. ಅವಳದು ಒಂದು ದಾರಿಯಾಗ್ಲಿ. ಆಮೇಲೆ ನೀನೇ ಹೇಳುವಂತೆ.”

ಶುಕ್ರವಾರ ಬೋರಣ್ಣ ತಾನೇ ಬಂದ, ಜೊತೆಗೆ ಏಳು ಜನ. ಸೂರಮ್ಮನನ್ನು ಮಂಚದ ಮೇಲೆ ಮಲಗಿಸಿ, ಕಣಿವೆಯವರೆಗೆ ಹೊತ್ತು, ಅಲ್ಲಿ ಏಣಿ ಹಾಕಿ, ಕಲ್ಲಿನ ಮೇಲೆ ಕೈಯಿಂದ ಕೈಗೆ ದಾಟಿಸಿ, ಡಾಂಬರು ರಸ್ತೆಗೆ ಮುಟ್ಟಿಸಿದರು. ಮತ್ತೆ ಸಂಜೆ ಹೊತ್ತು ತಂದರು. ವಾರಕ್ಕೆ ಎರಡು ಸಲ, ಐದು ವಾರ. ಅವರ ಹೆಗಲಿನ ಚರ್ಮ ಸುಲಿದಿತ್ತು. ನಾನು ಮಂಚದ ಮುಂದಿನ ಎಡಗಡೆಯ ಕಾಲಿಗೆ ಹೆಗಲು ಕೊಡುತ್ತಿದ್ದೆ. “ಆ ಸಾಬ ಹಿಂಗ್ ಮಾಡಬಾರ್ದಿತ್ತು,” ಎಂದು ಯಾರಾದರೂ ಅಂದರೆ ಸೂರಮ್ಮ ಮಂಚದ ಮೇಲೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಕಲ್ಲು ಎದೆಮಟ್ಟವಾಯಿತು, ಆಳೆತ್ತರವಾಯಿತು, ಏಣಿ ಸಾಲದಾಯಿತು. ಮಾರಕ್ಕ ಎಂಟನೇ ತಿಂಗಳಲ್ಲಿ ಹಗ್ಗ ಹಿಡಿದು ಆಚೆಗೆ ಇಳಿದಳು. ಹೆರಿಗೆಯಾದ ಸುದ್ದಿ ಮೋಟರ್ ಸೈಕಲ್ ಬಿಟ್ಟು ನಡೆದು ಬಂದವನೊಬ್ಬ ತಂದ. ಮಗುವನ್ನು ಎತ್ತಿಕೊಂಡು ಹತ್ತಲಾಗದೆ ಅವಳು ಅಲ್ಲೇ ಉಳಿದಳು. ಬೋರಣ್ಣ ಮೊಮ್ಮಗನ ಮುಖ ನೋಡಲಿಲ್ಲ. ಅವನದು ಹಗ್ಗ ಹಿಡಿದು ಹತ್ತುವ ವಯಸ್ಸಲ್ಲ.

ಹತ್ತನೆಯ ಸಲ ಹೊರುವಾಗ ಮಂಚದ ಹಿಂಗಾಲು ಹಿಡಿದವನು ಜಾರಿ ಬಿದ್ದು ಕಾಲು ಮುರಿದುಕೊಂಡ. ಮನೆಗೆ ಬಂದ ಮೇಲೆ ಸೂರಮ್ಮ, “ಇನ್ನು ಬ್ಯಾಡ, ಜನಾನ ಕರೀಬ್ಯಾಡ,” ಅಂದಳು. ನಾನು ಅತ್ತೆ, ಜಗಳಾಡಿದೆ, ಕಾಲು ಹಿಡಿದೆ. ಅವಳು ಎರಡನೇ ಸಲ ಹೇಳಲಿಲ್ಲ. ಒಂಬತ್ತು ದಿನ ಬದುಕಿದಳು. ಕೊನೆಯಲ್ಲಿ ಮಾತು ತೊದಲುತ್ತಿತ್ತು. ಒಂದು ಮಾತು ಮಾತ್ರ ಸ್ಪಷ್ಟವಾಗಿತ್ತು. “ಬುಡೇನಣ್ಣನ ಮ್ಯಾಲಿನ ತಪ್ಪು ಇಳಿಸು,” ಅಂದಳು. ನಾನು ಅವಳ ಕೈ ಹಿಡಿದು ಆಣೆ ಮಾಡಿದೆ.

ಹೆಣ ಹೊತ್ತವರೂ ಆ ಎಂಟು ಜನರೇ. ಕಾಲು ಮುರಿದವನ ಜಾಗಕ್ಕೆ ಅವನ ತಮ್ಮ ಬಂದಿದ್ದ. ಮಣ್ಣು ಮಾಡಿ ಬಂದ ಮೇಲೆ ಹೇಳಬೇಕೆಂದಿದ್ದೆ. ಬೋರಣ್ಣ ನನ್ನನ್ನು ಅಪ್ಪಿಕೊಂಡು, “ಆ ಸಾಬ ಏಟು ಹಾಕ್ದೆ ಇದ್ದಿದ್ರೆ ನಿನ್ನ ಹೆಂಡ್ತಿ ಉಳೀತಿದ್ಲೇನೋ,” ಎಂದು ಮಕ್ಕಳಂತೆ ಅತ್ತ. ಆ ಅಪ್ಪುಗೆಯೊಳಗಿದ್ದು ಹೇಳಲಾಗಲಿಲ್ಲ. ಹನ್ನೊಂದನೆಯ ದಿನ ಹೇಳುತ್ತೇನೆಂದುಕೊಂಡೆ. ಅವತ್ತು ಮನೆ ತುಂಬ ಜನ, ಒಬ್ಬರು ಸಾರು ತಂದರು, ಒಬ್ಬರು ಪಾತ್ರೆ ತೊಳೆದರು. ಯಾರೂ ಇಲ್ಲದ ಮನೆಯಲ್ಲಿ ಆ ಜನದ ಸದ್ದು ನನಗೆ ಬೇಕಾಗಿತ್ತು. ತಿಂಗಳು ಕಳೆಯಲಿ ಎಂದುಕೊಂಡೆ. ತಿಂಗಳು ಕಳೆಯಿತು.

ಬುಡೇನಣ್ಣ ನನ್ನ ಹತ್ತಿರ ಬಂದು ಏನೂ ಕೇಳಲಿಲ್ಲ. ಅಂಗಡಿಯಲ್ಲಿ ಅವನಿಗೆ ಸಾಮಾನು ಕೊಡುತ್ತಿರಲಿಲ್ಲ. ಮನೆ ಹಿಂದಿನ ಒಂದಿಷ್ಟು ಜೋಳ, ಎರಡು ಮೇಕೆ, ಅಷ್ಟರಲ್ಲೇ ಬದುಕುತ್ತಿದ್ದ. ದಾರಿಯಲ್ಲಿ ಎದುರು ಸಿಕ್ಕರೆ ನಾನು ಕಣ್ಣು ಕೆಳಗೆ ಹಾಕುತ್ತಿದ್ದೆ. ಅವನೂ ಪಕ್ಕಕ್ಕೆ ಸರಿದು ನನಗೆ ದಾರಿ ಬಿಡುತ್ತಿದ್ದ.

ಮಾಘದ ಒಂದು ಬೆಳಿಗ್ಗೆ ಗ್ಯಾರೇಜಿನಲ್ಲಿ ಬೋರಣ್ಣನ ಪಂಪ್‌ಸೆಟ್ಟಿನ ಮೋಟರು ಬಿಚ್ಚಿಕೊಂಡು ಕೂತಿದ್ದೆ. ಬೋರಣ್ಣ, ಇನ್ನಿಬ್ಬರು ಬೆಂಚಿನ ಮೇಲೆ ಬೀಡಿ ಸೇದುತ್ತಿದ್ದರು. ಹೊರಗೆ ಗಾಲಿ ಉರುಳುವ ಸದ್ದಾಯಿತು. ಬುಡೇನಣ್ಣ ಆ ಎತ್ತರದ ಜೀಪನ್ನು ಒಬ್ಬನೇ ತಳ್ಳಿಕೊಂಡು ಬಂದಿದ್ದ, ಒಂದು ಕೈ ಸ್ಟೇರಿಂಗಿನ ಮೇಲೆ, ಹೆಗಲು ಬಾಗಿಲ ಕಂಬಕ್ಕೆ. ತುಂಬ ಬಡವಾಗಿದ್ದ. ಬೆನ್ನು ನೆಟ್ಟಗೆ ಮಾಡಿಕೊಂಡು, ಬೆವರೊರೆಸಿಕೊಂಡು, ನನ್ನನ್ನೇ ನೋಡಿ ಮಾತಾಡಿದ. ಐದು ತಿಂಗಳಿಂದ ಮಾತಾಡದ ಗಂಟಲು ಗೊರಗೊರ ಅನ್ನುತ್ತಿತ್ತು.

“ಸೆಲ್ಫ್ ತಗಳ್ತಿಲ್ಲ ಪಾಲಯ್ಯ,” ಅಂದ. “ಸುಮ್ನೆ ನಿಲ್ಲಿಸಿದ್ರೆ ಕೆಟ್ಟೋಗ್ತೈತೆ ಅಂತ ದಿನಾ ಒಂದ್ ಸಲ ಚಾಲೂ ಮಾಡ್ತಿದ್ದೆ. ಮೂರು ದಿನ ಆತು. ಒಂಚೂರು ನೋಡು.”

ಬೆಂಚಿನ ಮೇಲಿದ್ದವರು ಬೀಡಿ ಸೇದುವುದನ್ನು ನಿಲ್ಲಿಸಿದರು. ಅವನ ಕಡೆ ಯಾರೂ ನೋಡಲಿಲ್ಲ. ನನ್ನ ಕಡೆ ನೋಡಿದರು. ನನ್ನ ಕೈಯಲ್ಲಿ ಸ್ಪ್ಯಾನರಿತ್ತು. ಹತ್ತು ಹೆಜ್ಜೆ ನಡೆದು ಬಾನೆಟ್ಟು ಎತ್ತಿದ್ದರೆ ಮುಗಿಯುತ್ತಿತ್ತು, ಬಾಯಿಂದ ಏನೂ ಹೇಳಬೇಕಾಗಿರಲಿಲ್ಲ.

ನಾನು ಮೋಟರಿನ ಕಡೆ ತಿರುಗಿ ನಟ್ಟು ಬಿಗಿಯತೊಡಗಿದೆ. ಆಗಲೇ ಬಿಗಿದಿದ್ದ ನಟ್ಟು.

ಅವನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ “ಆಗ್ಲಿ ಬಿಡು” ಎಂದು ಮೆಲ್ಲಗೆ, ನನ್ನೊಬ್ಬನಿಗೇ ಕೇಳುವಂತೆ ಹೇಳಿ ಜೀಪಿಗೆ ಹೆಗಲು ಕೊಟ್ಟ. ನಿಲ್ದಾಣದ ಮುಂದೆ ಸಣ್ಣ ಏರು. ಅಲ್ಲಿ ಎರಡು ಸಲ ಜೀಪು ಹಿಂದಕ್ಕೆ ಜಾರಿತು, ಎರಡು ಸಲವೂ ಅವನು ಮೈಯಿಂದ ತಡೆದು ನಿಲ್ಲಿಸಿದ. ನಾವು ನಾಲ್ಕು ಜನ ಕೂತಿದ್ದೆವು. ಮೂರನೆಯ ಸಲ ಏರು ಹತ್ತಿತು.